ಟ್ರ್ಯಾಕ್ಟರ್ ಹಳೆಯದಾಗಲಿ ಹೊಸದಾಗಲಿ, ಮೊದಲು ಆರ್‌ಸಿ ನೋಡಿ

ನಾಲ್ಕೈದು ಎಕರೆಯ ರೈತ ಟ್ರ್ಯಾಕ್ಟರ್ ಕೊಳ್ಳಲು ಹೊರಟರೆ ಊರಿನವರ ಸಲಹೆಯೆಲ್ಲ ಎಂಜಿನ್ನು, ಟಯರು, ಡೀಸೆಲ್ ಖರ್ಚಿನ ಸುತ್ತಲೇ ಇರುತ್ತದೆ. ಎಷ್ಟು ಗಂಟೆ ಓಡಿದೆ, ಹೈಡ್ರಾಲಿಕ್ ಸರಿಯಾಗಿ ಎತ್ತುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ಕೇಳುವವರು ಅಪರೂಪ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ದಾಖಲೆ ಸರಿಯಿಲ್ಲದೆ ಅಪಘಾತವಾದರೆ ಪರಿಹಾರ ಕಟ್ಟಲು ಹೊಲವನ್ನೇ ಮಾರಬೇಕಾದೀತು. ಹಳೆಯ ಟ್ರ್ಯಾಕ್ಟರಿನ ಅಪಾಯ ಹೆಸರು ವರ್ಗಾವಣೆಯಲ್ಲಿದೆ, ಹೊಸದರ ಅಪಾಯ ಸಾಲದ ಪತ್ರದಲ್ಲಿದೆ. ಎರಡನ್ನೂ ತಿಳಿದುಕೊಂಡೇ ಮುಂಗಡ ಕೊಡಬೇಕು.

ಹಳೆಯದರಿಂದ ಆರಂಭಿಸೋಣ, ಸಣ್ಣ ರೈತರು ಹೆಚ್ಚು ಮೋಸ ಹೋಗುವುದು ಇಲ್ಲಿಯೇ. "ಇನ್ನೂ ಎರಡು ವರ್ಷದ ಕಂತು ಬಾಕಿ ಇದೆ, ಈಗ ಇಷ್ಟು ಕೊಡಿ, ಉಳಿದ ಕಂತು ನೀವೇ ಕಟ್ಟಿಕೊಂಡು ಹೋಗಿ" ಎಂಬ ಮಾತಿನ ಮೇಲೆ ಎಷ್ಟೋ ವ್ಯಾಪಾರಗಳು ಮುಗಿಯುತ್ತವೆ. ಸ್ಟಾಂಪ್ ಪೇಪರಿನ ಮೇಲೆ ಕರಾರು ಬರೆದು, ಸಾಕ್ಷಿಗಳ ಸಹಿ ಹಾಕಿಸಿ, ಕೊಂಡವರು ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುತ್ತಾರೆ. ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರು ನಮೂದಾಗಿದ್ದರೆ, ಅವರ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಒ ಮಾಲೀಕತ್ವ ವರ್ಗಾವಣೆಯನ್ನು ದಾಖಲಿಸುವಂತಿಲ್ಲ ಎಂದು 1988ರ ಮೋಟಾರು ವಾಹನಗಳ ಕಾಯ್ದೆಯ 51ನೇ ಕಲಂ ಹೇಳುತ್ತದೆ. ಕೊಂಡವರು ಕಂತನ್ನು ತಪ್ಪದೆ ಕಟ್ಟುತ್ತಿದ್ದರೂ ದಾಖಲೆಯಲ್ಲಿ ಮಾಲೀಕರು ಮಾರಿದವರೇ. ಅವರು ಮಧ್ಯದಲ್ಲಿ ತೀರಿಕೊಂಡರೆ ಅಥವಾ ಮಾತು ಬದಲಿಸಿದರೆ, ಕೊಂಡವರ ಕೈಯಲ್ಲಿ ಉಳಿಯುವುದು ಆ ಸ್ಟಾಂಪ್ ಪೇಪರ್ ಮಾತ್ರ. ಅದರ ಬಲದ ಮೇಲೆ ಆರ್‌ಸಿಯಲ್ಲಿ ಹೆಸರು ಬದಲಾಗುವುದಿಲ್ಲ.

ಹಾಗಾಗಿ ಮಾರುವವರನ್ನು ಜೊತೆಗೆ ಕರೆದುಕೊಂಡು ಫೈನಾನ್ಸ್ ಕಚೇರಿಗೇ ಹೋಗಿ. ಬಾಕಿ ಎಷ್ಟಿದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಆ ಮೊತ್ತವನ್ನು ಮಾರುವವರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಕಟ್ಟಿ. ಸಾಲ ತೀರಿದ ಪತ್ರ ಮತ್ತು ಕಂಪನಿಯ ಸಹಿ ಇರುವ ನಮೂನೆ 35 ಕೈಗೆ ಬಂದ ಮೇಲೆ ಉಳಿದ ಹಣದ ಮಾತು. ಕಂತು ಕಟ್ಟದ ಕಾರಣಕ್ಕೆ ಕಂಪನಿಯೇ ಜಪ್ತಿ ಮಾಡಿದ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಆರ್‌ಸಿ ಈಗ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಹಳೆಯ ಮಾಲೀಕ ಆರ್‌ಸಿ ಕೊಡಲು ಒಪ್ಪದಿದ್ದರೆ ಕಂಪನಿ ನಮೂನೆ 36ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಹೊಸ ಆರ್‌ಸಿ ಪಡೆಯಲು ಕಾನೂನಿನಲ್ಲಿ ದಾರಿ ಇದೆ. ಆ ಕೆಲಸ ಮುಗಿಯದೆ ಕೊಳ್ಳಬೇಡಿ.

ಹೆಸರು ವರ್ಗಾವಣೆಗೆ ಮಾರುವವರು ಸಹಿ ಮಾಡುವ ನಮೂನೆ 29, ಇಬ್ಬರ ಸಹಿಯೂ ಬೇಕಾದ ನಮೂನೆ 30 ಮುಖ್ಯ. ಟ್ರ್ಯಾಕ್ಟರ್ ನಮ್ಮ ರಾಜ್ಯದಲ್ಲೇ ನೋಂದಣಿಯಾಗಿದ್ದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇದು 50ನೇ ಕಲಂ. ಮಹಾರಾಷ್ಟ್ರ, ಆಂಧ್ರ ಅಥವಾ ತಮಿಳುನಾಡಿನಿಂದ ಬಂದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ನಮೂನೆ 28, ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಆರ್‌ಸಿ ಮಾಲೀಕರು ತೀರಿಕೊಂಡು ಮಕ್ಕಳು ಮಾರುತ್ತಿದ್ದರೆ, ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಒಬ್ಬ ಮಗ ಅಪ್ಪನ ಹೆಸರಿನಲ್ಲಿ ಸಹಿ ಮಾಡಿಕೊಟ್ಟರೆ ಅದು ಫೋರ್ಜರಿ. ಉಳಿದ ಮಕ್ಕಳು ನಾಳೆ ಪಾಲು ಕೇಳಿಕೊಂಡು ಬರುವುದೂ ಉಂಟು.

ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿ ಕೈಗೆ ಕೊಡುವ ರೂಢಿಯಿಂದ ಮಾರಿದವರಿಗೆ ಆಗುವ ಹಾನಿ ಕೊಂಡವರಿಗಿಂತ ದೊಡ್ಡದು. ಹಲವು ಕೈ ಬದಲಿಸಿದ್ದ ವಾಹನವೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಹೊಸ ಟ್ರ್ಯಾಕ್ಟರ್ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಶೋರೂಮಿನಲ್ಲಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಬಿಟ್ಟು ಹೊಸದನ್ನು ಮನೆಗೆ ತಂದು ಪೂಜೆ ಮಾಡುತ್ತೇವೆ. ಬಿಟ್ಟುಬಂದ ಗಾಡಿ ಯಾರ ಕೈ ಸೇರಿತು ಎಂದು ವಿಚಾರಿಸುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಳೆಯ ವಾಹನ ಮಾರಲು ಆರ್‌ಟಿಒ ಅನುಮತಿ ಪಡೆದ ಡೀಲರ್‌ಗೆ ಗಾಡಿ ಒಪ್ಪಿಸಿದಾಗ ನಮೂನೆ 29ಸಿ ಮೂಲಕ ಪರಿವಾಹನ್ ಪೋರ್ಟಲಿನಲ್ಲಿ ತಿಳಿಸಬಹುದು. ಅಲ್ಲಿಂದ ಮುಂದೆ ಆ ಗಾಡಿಯ ಹೊಣೆ ಡೀಲರ್‌ನದು. ನಿಮ್ಮ ಡೀಲರ್‌ಗೆ ಆ ಅನುಮತಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಕೊಳ್ಳುವವರ ಹೆಸರು ತುಂಬಿದ ನಮೂನೆಗೆ ಮಾತ್ರ ಸಹಿ ಮಾಡಿ.

ಮಾತುಕತೆಗೆ ಕೂರುವ ಮೊದಲೇ ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯ ಅವಧಿ, ವಿಮೆ, ಸಾಲದ ನಮೂದು ಕಾಣುತ್ತದೆ. ಚಾಸಿಸ್ ನಂಬರನ್ನು ಕಣ್ಣಾರೆ ನೋಡಿ, ಪೆನ್ಸಿಲ್ ಅಚ್ಚು ತೆಗೆದು ಆರ್‌ಸಿಯ ಜೊತೆ ಹೋಲಿಸಿ. ಕದ್ದ ಗಾಡಿಯನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡರೂ ಅದು ನಿಮ್ಮದಾಗುವುದಿಲ್ಲ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 14 ವರ್ಷದ ಟ್ರ್ಯಾಕ್ಟರ್ ಕೊಳ್ಳುವವರು ಈ ಖರ್ಚನ್ನೂ ಬೆಲೆಯಲ್ಲಿ ಹಿಡಿದು ಚೌಕಾಸಿ ಮಾಡಬೇಕು.

ವಿಮೆಯದು ಬೇರೆಯೇ ಕಥೆ. ಮೂರನೆಯವರಿಗೆ ಆಗುವ ಹಾನಿಯ ವಿಮೆ ವಾಹನದ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ ಎಂದು ಮೋಟಾರು ವಾಹನಗಳ ಕಾಯ್ದೆಯ 157ನೇ ಕಲಂ ಹೇಳುತ್ತದೆ. ಆದರೂ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಬೇಕು. ಸ್ವಂತ ಗಾಡಿಯ ಹಾನಿಗೆ ಈ ರಕ್ಷಣೆ ಇಲ್ಲ. ಪಾಲಿಸಿ ಹಳೆಯ ಹೆಸರಿನಲ್ಲೇ ಉಳಿದಿದ್ದು ಗಾಡಿ ಉರುಳಿಬಿದ್ದರೆ ಕಂಪನಿ ಕೈ ಎತ್ತಿಬಿಡುತ್ತದೆ.

ಟ್ರೈಲರ್ ಬಗ್ಗೆ ಒತ್ತಿ ಹೇಳಲೇಬೇಕು. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿರಬೇಕು. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವರು ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಅಷ್ಟು ಸಮಾಧಾನ ಉಂಟು. ಆದರೆ ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಇಟ್ಟಿಗೆಯ ಮಣ್ಣು ತೆಗೆಯಲು ಹೊರಟಿದ್ದ ಕೂಲಿಕಾರ ಗಾಯಗೊಂಡ ಪ್ರಕರಣದಲ್ಲಿ, ವಿಮಾ ಕಂಪನಿಗೆ ಹೊಣೆ ಇಲ್ಲ ಎಂದೇ 2007ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಬಡ ಕೂಲಿಕಾರನಿಗಾಗಿ ತನ್ನ ವಿಶೇಷ ಅಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಕೊನೆಗೆ ಹೊರೆ ಬಿದ್ದದ್ದು ಮಾಲೀಕನ ಮೇಲೆ. ಕೊಯ್ಲಿಗೆ, ಜಾತ್ರೆಗೆ, ಮದುವೆಗೆ ಜನರನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವಾಗ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವಾಗ ಇದು ನೆನಪಿರಲಿ.

ಇನ್ನು ಹೊಸ ಟ್ರ್ಯಾಕ್ಟರ್. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು. ನೋಂದಣಿ ಆಗದ ಗಾಡಿಯನ್ನು ಡೀಲರ್ ಹೊರಗೆ ಬಿಡುವಂತಿಲ್ಲ. ನಿಜವಾದ ಪ್ರಶ್ನೆ ಇರುವುದು ಸಾಲದಲ್ಲಿ. ಬ್ಯಾಂಕುಗಳು 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ಆದೇಶ 2025ರ ಜನವರಿ 1ರಿಂದ ಇದೆ. ಟ್ರ್ಯಾಕ್ಟರ್ ಸಾಲ ಆ ಮಿತಿ ದಾಟುವುದರಿಂದ ಜಮೀನನ್ನು ಕೇಳುತ್ತಾರೆ, ಪಹಣಿಯ 11ನೇ ಕಾಲಂನಲ್ಲಿ ಋಣ ಕೂರುತ್ತದೆ. ಸಹಿ ಮಾಡುವ ಮೊದಲು ವಾರ್ಷಿಕ ಬಡ್ಡಿ, ಎಲ್ಲ ಶುಲ್ಕ, ಕಂತಿನ ಪಟ್ಟಿ ಇರುವ ಹಾಳೆಯನ್ನು ಕೇಳಿ ಪಡೆದು ಮನೆಯಲ್ಲಿ ಓದಿ. ಕಂತು ತಪ್ಪಿದರೂ ಗೂಂಡಾಗಳನ್ನು ಕಳಿಸಿ ಗಾಡಿ ಎಳೆದೊಯ್ಯುವಂತಿಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ದೂರಿಗೆ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿ ಉಚಿತವಾಗಿ ದೂರು ಕೊಡಬಹುದು, ಸಹಾಯವಾಣಿ 14448.

ನನ್ನ ಅಭಿಪ್ರಾಯ ಇಷ್ಟು. ಜಮೀನು ಅಡವಿಟ್ಟು ಹೊಸದನ್ನು ತರುವುದಕ್ಕಿಂತ, ದಾಖಲೆ ಶುದ್ಧವಾಗಿರುವ ಏಳೆಂಟು ವರ್ಷದ ಟ್ರ್ಯಾಕ್ಟರ್ ಸಣ್ಣ ಹಿಡುವಳಿಗೆ ಒಳ್ಳೆಯದು. ದಾಖಲೆ ಶುದ್ಧವಿಲ್ಲದಿದ್ದರೆ ಅರ್ಧ ಬೆಲೆಗೂ ಬೇಡ. ವರ್ಷದಲ್ಲಿ ಕೆಲವೇ ದಿನದ ಉಳುಮೆ ಇದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದನ್ನು ಮೊದಲು ಲೆಕ್ಕ ಹಾಕಿ. ಮಿನಿ ಟ್ರ್ಯಾಕ್ಟರಿಗೆ ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಮೋಸವಾದರೆ ಎಲ್ಲಿಗೆ ಹೋಗಬೇಕು ಎಂಬುದು ಯಾರಿಂದ ಕೊಂಡಿರಿ ಎಂಬುದರ ಮೇಲೆ ನಿಂತಿದೆ. ಡೀಲರ್‌ನಿಂದ ಕೊಂಡಿದ್ದರೆ, ಅದು ಹಳೆಯದೇ ಆಗಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ಟ್ರ್ಯಾಕ್ಟರ್ ವಾಣಿಜ್ಯ ಉದ್ದೇಶದ್ದಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ವಿವರಿಸಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೇ ಇಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಿ. ಪಕ್ಕದ ಊರಿನ ರೈತರಿಂದ ಕೊಂಡಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆಯುವುದು ಕಷ್ಟ. ಸಿವಿಲ್ ನ್ಯಾಯಾಲಯವೇ ದಾರಿ. ಬೇಕೆಂದೇ ವಂಚಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಪೊಲೀಸರಿಗೆ ದೂರು ಕೊಡಬಹುದು.

ಆರ್‌ಟಿಒ ಕಚೇರಿಯಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಹಕ್ಕಿದೆ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಇದ್ದರೆ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆ ಎಂದು ಮೇಲ್ಮನವಿಯಲ್ಲಿ ಕೇಳಬಹುದು. ವಕೀಲರ ಶುಲ್ಕ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ. ಹೋಗುವಾಗ ಕರಾರು ಪತ್ರ, ಹಣ ಕಟ್ಟಿದ ಬ್ಯಾಂಕ್ ರಸೀದಿ, ಆರ್‌ಸಿ ನಕಲು ಜೊತೆಗಿರಲಿ.