ಮೇಲುಗಡೆ ಏನಿದೆ ಅಂತ ಯೋಚಿಸು

ಕುದುರೆಮುಖ ಹತ್ತಲು ಹೊರಟಿದ್ದೀಯಂತೆ, ಸಂತೋಷ ಮಗು. ಮುಳ್ಳೋಡಿಯಿಂದ ಹೊರಟರೆ ದಾರಿಯಲ್ಲಿ ಹಳ್ಳಗಳು ಅಡ್ಡ ಬರುತ್ತವೆ. ತಳದ ಕಲ್ಲು ಎಣಿಸುವಷ್ಟು ತಿಳಿನೀರು, ಬೊಗಸೆಯೊಡ್ಡದೆ ದಾಟಲು ಮನಸ್ಸೇ ಬರುವುದಿಲ್ಲ. ಆದರೆ ನೀರಿನ ಅಂದ ನೋಡಿ ತೀರ್ಮಾನ ಮಾಡಬೇಡ, ಅದು ಎಲ್ಲಿಂದ ಇಳಿದು ಬಂತು ಅಂತ ಯೋಚಿಸು. ಮೇಲಿನ ತಿರುವಿನಲ್ಲಿ ಕಾಟಿಯೋ ಕಡವೆಯೋ ಹಳ್ಳಕ್ಕಿಳಿದಿರಬಹುದು, ದನ ಮೇಯುತ್ತಿರಬಹುದು. ಈಗಂತೂ ಶನಿವಾರ, ಭಾನುವಾರ ಬೆಟ್ಟದ ತುಂಬ ಜನ. ಅವರಿಗೂ ಹೊಟ್ಟೆಯುಂಟಲ್ಲ!

"ನಾನು ಕುಡಿದೆ, ಏನೂ ಆಗಲಿಲ್ಲ" ಅನ್ನುವ ಗೆಳೆಯರು ಸಿಕ್ಕೇ ಸಿಗುತ್ತಾರೆ. ಜಿಯಾರ್ಡಿಯಾ ಅನ್ನುವ ಪರೋಪಜೀವಿ ಒಳಹೊಕ್ಕರೆ ಭೇದಿ, ಹೊಟ್ಟೆಯುಬ್ಬರ ಶುರುವಾಗುವುದು ಸಾಮಾನ್ಯವಾಗಿ 1ರಿಂದ 2 ವಾರಕ್ಕೆ. ಅಷ್ಟರಲ್ಲಿ ಬೆಂಗಳೂರು ಸೇರಿರುತ್ತಾರೆ; ಬೈಗುಳವೆಲ್ಲ ಬೀದಿಬದಿಯ ಗೋಬಿ ಮಂಚೂರಿಗೆ.

ಕುದಿಸುವುದಕ್ಕಿಂತ ನಂಬಿಕೆಯ ಉಪಾಯ ಇಲ್ಲ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಸಾಕು; 2,000 ಮೀಟರ್ ದಾಟಿದ ಹಿಮಾಲಯದಂಥ ಕಡೆ 3 ನಿಮಿಷ. ಕುದುರೆಮುಖ ಅಷ್ಟು ಎತ್ತರವಿಲ್ಲ. ಆದರೆ ಕಾಡಿನೊಳಗೆ ಬೆಂಕಿ ಹಚ್ಚುವ ಮಾತೇ ಬೇಡ. ಹೋಂಸ್ಟೇಯಲ್ಲೇ ಕುದಿಸಿ ಆರಿಸಿದ ನೀರು ತುಂಬಿಸಿಕೊಂಡು ಹೊರಡು. ದಾರಿಗೆ ಕ್ಲೋರಿನ್ ಮಾತ್ರೆ ಇರಲಿ. ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು, ನೀರು ತೀರಾ ತಣ್ಣಗಿದ್ದರೆ ಇನ್ನೂ ಹೆಚ್ಚು. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸು. ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದಿದೆ, ಅದು ಕ್ಲೋರಿನ್‌ಗೆ ಜಗ್ಗುವುದಿಲ್ಲ, ಫಿಲ್ಟರೇ ಬೇಕು. ಆ ಫಿಲ್ಟರಿನಿಂದ ವೈರಸ್ ನುಸುಳಿಕೊಳ್ಳುತ್ತದೆ. ಎರಡೂ ಕೈಯಲ್ಲಿದ್ದರೆ ಸೋಸಿ, ಆಮೇಲೆ ಮಾತ್ರೆ ಹಾಕು.

ಕಾಫಿ, ಟೀ ತೋಟದ ಕೆಳಗೆ ಹರಿಯುವ ಹಳ್ಳ ಮಾತ್ರ ಬೇಡವೇ ಬೇಡ. ತೋಟಕ್ಕೆ ಹೊಡೆದ ಔಷಧಿ ನೀರಿಗಿಳಿದಿದ್ದರೆ ಕುದಿಸಿದರೂ ಹೋಗದು, ಮಾತ್ರೆಗೂ ಹೋಗದು.

ಹಾಗಂತ ಹೆದರಿ ಬಾಯಾರಿಕೊಂಡೇ ನಡೆಯಬೇಡ. ತಂದ ನೀರು ಮುಗಿದು, ಮಾತ್ರೆಯೂ ಇಲ್ಲದೆ, ಬಿಸಿಲಿಗೆ ನಾಲಗೆ ಒಣಗಿತೆನ್ನು. ಆಗ ಬಂಡೆ ಸಂದಿಯಿಂದ ಜಿನುಗುವ ಒರತೆ ಹುಡುಕಿ ಕುಡಿದುಬಿಡು. ವಾರದ ಮೇಲೆ ಭೇದಿಯಾದರೆ ಊರಲ್ಲಿ ಡಾಕ್ಟರಿದ್ದಾರೆ. ಇಳಿಜಾರಿನಲ್ಲಿ ಕಣ್ಣು ಕತ್ತಲೆ ಬಂದರೆ ಹೊತ್ತು ತರುವವರು ಯಾರು?

ಇನ್ನೊಂದು ಮಾತು. ಬಯಲುಕಡೆಗೆ ಹೋಗಬೇಕಾಗಿ ಬಂದರೆ ಹಳ್ಳದಿಂದ 60 ಮೀಟರಾದರೂ ದೂರ ಹೋಗು, ಗುಂಡಿ ತೋಡಿ ಮುಚ್ಚು. ನಿನ್ನ ಜೊತೆಯವರಿಗೂ ಹೇಳು.