ದೇವರ ಅಸ್ತಿತ್ವ : ವಿಜ್ಞಾನ ಮತ್ತು ನೀತಿಯ ಬೆಳಕಿನಲ್ಲಿ

ದೇವರಿರುವನೆ ಎಂಬ ಪ್ರಶ್ನೆ ಮಾನವನ ವಿಚಾರಶಕ್ತಿಯಷ್ಟೇ ಪುರಾತನವಾದುದು. ವಿಜ್ಞಾನಯುಗದಲ್ಲಿ ಅದನ್ನು ಪರಸ್ಪರ ಗೌರವದಿಂದ ಚರ್ಚಿಸಿದ ನಿದರ್ಶನಗಳಲ್ಲಿ, 1948ರ ಜನವರಿ 28ರಂದು ಬಿ.ಬಿ.ಸಿ. ಬಾನುಲಿಯಲ್ಲಿ ಪ್ರಸಾರವಾದ ಸಂವಾದವು ಗಮನಾರ್ಹವಾದುದು. ಆಸ್ತಿಕಪಕ್ಷವನ್ನು ಪ್ರತಿಪಾದಿಸಿದವರು ಜೆಸುಯಿಟ್ ಪಾದ್ರಿಯೂ ದರ್ಶನೇತಿಹಾಸಕಾರರೂ ಆದ ಫ್ರೆಡರಿಕ್ ಕಾಪಲ್‌ಸ್ಟನ್. ಎದುರುವಾದಿ ಗಣಿತಜ್ಞ, ದಾರ್ಶನಿಕ ಬರ್ಟ್ರಂಡ್ ರಸೆಲ್. ಆಗ ಮೊದಲನೆಯವರಿಗೆ 40 ವರ್ಷ, ಎರಡನೆಯವರಿಗೆ 75.

ಚರ್ಚೆಗೆ ಮುನ್ನ ‘ದೇವರು’ ಎಂಬ ಶಬ್ದದ ಅರ್ಥವನ್ನು ಇಬ್ಬರೂ ಒಪ್ಪಿಕೊಂಡರು: ಜಗತ್ತಿಗಿಂತ ಭಿನ್ನನೂ ಅದರ ಕರ್ತೃವೂ ಆದ ಪರಮಪುರುಷ. ದೇವರಿಲ್ಲವೆಂದು ಸಾಧಿಸಬಹುದೆ ಎಂದು ಕೇಳಿದಾಗ, ರಸೆಲ್ಲರು ತಮ್ಮದು ಅಜ್ಞೇಯವಾದಿಯ ನಿಲುವೆಂದರು. ಆರಂಭದಲ್ಲಿಯೇ ತೋರಿದ ಈ ಸಂಯಮವು ಚರ್ಚೆಯ ಮಟ್ಟವನ್ನು ಎತ್ತರಿಸಿತು.

ವಿಜ್ಞಾನದ ದೃಷ್ಟಿ

ಲೋಕದ ಪ್ರತಿಯೊಂದು ವಸ್ತುವೂ ಬೇರೊಂದನ್ನು ಅವಲಂಬಿಸಿರುವುದರಿಂದ, ಯಾವುದನ್ನೂ ಅವಲಂಬಿಸದ ಮೂಲತತ್ತ್ವವೊಂದು ಇರಲೇಬೇಕೆಂಬುದು ಕಾಪಲ್‌ಸ್ಟನ್ನರ ವಾದ. ಪ್ರತಿಯೊಬ್ಬ ಮನುಷ್ಯನಿಗೂ ತಾಯಿಯಿರುವಳೆಂದ ಮಾತ್ರಕ್ಕೆ ಇಡೀ ಮನುಕುಲಕ್ಕೆ ಒಬ್ಬ ತಾಯಿ ಇರಬೇಕಾಗಿಲ್ಲವೆಂಬುದು ರಸೆಲ್ಲರ ಪ್ರತ್ಯುತ್ತರ.

ಈ ವಿವಾದವನ್ನು ವಿಜ್ಞಾನವು ಬಗೆಹರಿಸೀತೆ? ವಿಶ್ವವು ಆದಿಯ ಅತಿಸಾಂದ್ರ ಸ್ಥಿತಿಯೊಂದರಿಂದ ವಿಕಾಸಗೊಂಡಿತೆಂಬ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟವರು ಬೆಲ್ಜಿಯಂ ದೇಶದ ಜಾರ್ಜ್ ಲೆಮೈತ್ರ್; ಅವರು ಸ್ವತಃ ಕ್ರೈಸ್ತ ಪಾದ್ರಿ. 1951ರಲ್ಲಿ ಪೋಪ್ 12ನೆಯ ಪಯಸ್ ಈ ಬಗೆಯ ಸಂಶೋಧನೆಗಳಲ್ಲಿ ಸೃಷ್ಟಿಕರ್ತನ ಸಾಕ್ಷ್ಯವನ್ನು ಕಂಡರಾದರೂ, ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳಿಗೆ ಹೊರತಾದುದೆಂಬುದೇ ಲೆಮೈತ್ರರ ನಿಲುವಾಗಿತ್ತು. ವಿಜ್ಞಾನಿಯಾಗಿ ಅಳೆದುದನ್ನು ಭಕ್ತನಾಗಿ ನಂಬಿದುದಕ್ಕೆ ಆಧಾರವನ್ನಾಗಿ ಅವರು ಬಳಸಲಿಲ್ಲ. ಘಟನೆಗಳ ಕಾರ್ಯಕಾರಣ ಸಂಬಂಧವನ್ನು ವಿಜ್ಞಾನವು ಅರಸುತ್ತದೆ; ಏನಾದರೂ ಏಕಿದೆ ಎಂಬ ಪ್ರಶ್ನೆ ಅದರ ಉಪಕರಣಗಳಿಗೆ ನಿಲುಕದು. ಇಂದು ತಿಳಿಯದಿರುವುದರಲ್ಲಿ ದೇವರನ್ನು ಇರಿಸಿದವನ ಶ್ರದ್ಧೆಯು ನಾಳಿನ ಸಂಶೋಧನೆಯಿಂದ ಕುಗ್ಗುವುದು.

ನೀತಿಯ ದೃಷ್ಟಿ

ಸಂವಾದದ ಉತ್ತರಾರ್ಧವು ಇನ್ನೂ ಗಹನವಾದುದು. ಒಳಿತು ಕೆಡುಕುಗಳನ್ನು ಹೇಗೆ ಗುರುತಿಸುವಿರಿ ಎಂಬ ಪ್ರಶ್ನೆಗೆ, ಬಣ್ಣಗಳನ್ನು ಕಣ್ಣಿನಿಂದ ಗುರುತಿಸುವಂತೆ ಇವುಗಳನ್ನು ಭಾವನೆಯಿಂದ ಗುರುತಿಸುವೆನೆಂದು ರಸೆಲ್ಲರು ಉತ್ತರಿಸಿದರು. ಹಾಗಾದರೆ ಬೆಲ್ಸೆನ್ ಯಾತನಾಶಿಬಿರದ ಅಧಿಕಾರಿಯ ಭಾವನೆಗೆ ಏನೆನ್ನಬೇಕು? ಕಾಪಲ್‌ಸ್ಟನ್ನರ ಈ ಪ್ರಶ್ನೆಯು ನಾಸ್ತಿಕನನ್ನು ಇಂದಿಗೂ ಚಿಂತನೆಗೆ ಹಚ್ಚತಕ್ಕದ್ದು. ಭಾವನೆಯೊಂದೇ ಅಳತೆಗೋಲಾದರೆ ಕ್ರೂರಿಯನ್ನು ಖಂಡಿಸುವ ಅಧಿಕಾರವು ಎಲ್ಲಿಂದ ಬಂದೀತು?

ಆಸ್ತಿಕನಿಗೂ ಅಷ್ಟೇ ಕಠಿಣವಾದ ಪ್ರಶ್ನೆಯಿದೆ. ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರಟೀಸನು ಅದನ್ನು ಎತ್ತಿರುವನು: ದೇವತೆಗಳು ಮೆಚ್ಚಿದುದರಿಂದ ಅದು ಪವಿತ್ರವೊ, ಪವಿತ್ರವಾದುದರಿಂದ ದೇವತೆಗಳು ಮೆಚ್ಚುವರೊ? ಮೊದಲನೆಯದಾದರೆ ನೀತಿಯು ಬರಿಯ ಆಜ್ಞೆ. ಎರಡನೆಯದಾದರೆ ಅದು ಆಜ್ಞೆಗಿಂತ ಹಿರಿದು. ಜರ್ಮನಿಯ ಇಮ್ಯಾನುಯೆಲ್ ಕಾಂಟನು ಮಧ್ಯದ ಹಾದಿಯೊಂದನ್ನು ತೋರಿದನು. 1781ರ ಗ್ರಂಥದಲ್ಲಿ ತರ್ಕದಿಂದ ದೇವರನ್ನು ಸಾಧಿಸಲಾಗದೆಂದು ವಾದಿಸಿದ ಆತನೇ, 1788ರ ಗ್ರಂಥದಲ್ಲಿ ನೈತಿಕ ಜೀವನಕ್ಕೆ ದೇವರೆಂಬ ಶ್ರದ್ಧೆ ಅಗತ್ಯವೆಂದನು. ಆದರೆ ಕರ್ತವ್ಯವನ್ನು ಫಲಾಪೇಕ್ಷೆಯಿಂದಲ್ಲ, ಕರ್ತವ್ಯವೆಂದೇ ಮಾಡಬೇಕೆಂಬುದು ಆತನ ನಿಶ್ಚಿತ ಮತ.

ಆಚರಣೆಯ ಸಾಕ್ಷ್ಯವನ್ನೂ ಕಡೆಗಣಿಸುವಂತಿಲ್ಲ. ದೇವರನ್ನು ಒಪ್ಪದ ರಸೆಲ್ಲರು ಯುದ್ಧವಿರೋಧಿ ಬರಹಕ್ಕಾಗಿ 1918ರಲ್ಲಿಯೂ, ಅಣ್ವಸ್ತ್ರವಿರೋಧಿ ಚಳವಳಿಗಾಗಿ 1961ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿಯೂ ಸೆರೆಮನೆ ಸೇರಿದರು. ನಂಬದವನೂ ನೀತಿಗಾಗಿ ಕಷ್ಟ ಸಹಿಸಬಲ್ಲನು, ನಂಬಿದವನೂ ನೀತಿಭ್ರಷ್ಟನಾಗಬಲ್ಲನು.

ಆ ಸಂವಾದದಲ್ಲಿ ಗೆದ್ದವರು ಯಾರೆಂಬುದು ಇತ್ಯರ್ಥವಾಗಲಿಲ್ಲ. ಆದರೆ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎದ್ದು ನಿಂತು ಇದೇ ಪ್ರಶ್ನೆಯನ್ನು ಕೇಳಿದಾಗ ಶಿಕ್ಷಕನು ಅನುಸರಿಸಬೇಕಾದ ಮಾರ್ಗವು ಅದರಲ್ಲಿದೆ. ಗದರಿಸಿ ಕೂರಿಸಿದರೆ ಶ್ರದ್ಧೆಯು ಭಯವಾಗುವುದು. ನಕ್ಕು ತಳ್ಳಿದರೆ ವಿಚಾರವು ಅಹಂಕಾರವಾಗುವುದು. ವಿಜ್ಞಾನವನ್ನು ವಿಜ್ಞಾನವಾಗಿಯೇ ಕಲಿಸಿ, ದಂಡದ ಅಂಜಿಕೆಯಿಲ್ಲದೆ ಸತ್ಯ ನುಡಿಯುವುದನ್ನು ರೂಢಿಸಿದರೆ, ಆ ಬಾಲಕನು ಮುಂದೆ ಯಾವ ನಿರ್ಣಯಕ್ಕೆ ಬಂದರೂ ಪ್ರಾಮಾಣಿಕನಾಗಿಯೇ ಬರುವನು. ವಿದ್ಯಾಸಂಸ್ಥೆಯೊಂದು ಸಮಾಜಕ್ಕೆ ನೀಡಬಹುದಾದ ಕೊಡುಗೆಗಳಲ್ಲಿ ಇದು ಸಣ್ಣದಲ್ಲ.