ಪರದೇಶಕ್ಕೆ ಹೊರಡುವ ಮುನ್ನ ಪಾಸ್‌ಪೋರ್ಟಿನ ಅವಧಿ ನೋಡಿರಿ



ಬೀಜ, ಗೊಬ್ಬರ, ಹಿಂಗಾರಿ ಬಿತ್ತನೆ ಇವುಗಳ ಪಾಠ ಬರುವ ಈ ಪುಟದಲ್ಲಿ ಪರದೇಶ ಪ್ರವಾಸದ ಮಾತೇಕೆ ಎಂದು ಕೆಲವರು ಕೇಳಬಹುದು. ಆದರೆ ಈಗಿನ ಕಾಲ ಹಿಂದಿನಂತಿಲ್ಲ. ಮಗ ಸಿಂಗಾಪುರದಲ್ಲಿ, ಮಗಳು ದುಬೈಯಲ್ಲಿ ಇರುವ ಮನೆಗಳು ನಮ್ಮ ಊರುಗಳಲ್ಲೂ ಇವೆ. ಮೊಮ್ಮಗುವಿನ ಮುಖ ನೋಡಲು ಹದಿನೈದು ದಿನ ಹೋಗಿಬರುವವರಿದ್ದಾರೆ. ಹತ್ತಿ, ಮೆಣಸಿನಕಾಯಿಗೆ ಒಂದು ವರ್ಷ ಒಳ್ಳೆಯ ಧಾರಣಿ ಸಿಕ್ಕರೆ, ಗೆಳೆಯರೆಲ್ಲ ಕೂಡಿ ಶ್ರೀಲಂಕಾಕ್ಕೋ ಥೈಲ್ಯಾಂಡಿಗೋ ಹೋಗಿಬರೋಣವೆಂದು ಏಜೆಂಟರ ಕೈಯಲ್ಲಿ ಹಣ ಕೊಡುವವರೂ ಇದ್ದಾರೆ. ಹೀಗಿರಲು, ಈ ಪ್ರವಾಸಗಳನ್ನು ಕೊನೆಯ ಗಳಿಗೆಯಲ್ಲಿ ಮುರಿಯುವ ಒಂದು ಸಣ್ಣ ಸಂಗತಿಯನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಆ ಸಂಗತಿ ಇಷ್ಟೇ. ಪಾಸ್‌ಪೋರ್ಟಿನ ಮೇಲೆ ಮುದ್ರಿಸಿದ ಕೊನೆಯ ದಿನಾಂಕದ ತನಕ ಆ ಪುಸ್ತಕ ನಮ್ಮ ದೇಶದ ಮಟ್ಟಿಗೆ ಜೀವಂತವಾಗಿರುತ್ತದೆ, ನಿಜ. ಆದರೆ ನೀವು ಹೋಗುವ ದೇಶ ಅದನ್ನು ಅಲ್ಲಿಯವರೆಗೆ ಒಪ್ಪಬೇಕೆಂದೇನೂ ಇಲ್ಲ. ಬಹಳ ದೇಶಗಳು, ನೀವು ತಮ್ಮ ನೆಲದ ಮೇಲೆ ಕಾಲಿಡುವ ದಿನದಿಂದ ಇನ್ನೂ ಆರು ತಿಂಗಳ ಅವಧಿ ಪುಸ್ತಕದಲ್ಲಿ ಉಳಿದಿರಬೇಕೆಂದು ಕೇಳುತ್ತವೆ. ಬಿತ್ತನೆ ಬೀಜದ ಚೀಲಕ್ಕೆ ಕಟ್ಟಿದ ಚೀಟಿಯ ಮೇಲೆ ಅವಧಿಯ ತಾರೀಖು ಇರುತ್ತದಲ್ಲವೇ? ಆ ತಾರೀಖು ಮುಗಿಯಲು ಎರಡು ದಿನವಿದೆ ಎಂದು ಜಾಣರಾರೂ ಆ ಚೀಲವನ್ನು ಮುಂದಿನ ಮಳೆಗೆಂದು ಕೊಂಡಿಡುವುದಿಲ್ಲ. ಇದೂ ಹೆಚ್ಚುಕಡಿಮೆ ಹಾಗೆಯೇ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಪಾಠಕ್ಕಾಗಿ ಕಲ್ಪಿಸಿದ ಉದಾಹರಣೆ, ಯಾರ ಮನೆಯದೂ ಅಲ್ಲ. ನಮ್ಮ ಎರೆಭೂಮಿಯ ಒಬ್ಬ ರೈತ ದಂಪತಿಗಳ ಮಗಳು ಸಿಂಗಾಪುರದಲ್ಲಿದ್ದಾಳೆ. ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ 2027ನೆಯ ಇಸವಿ ಜನವರಿ 5ರಂದು ಅವರು ಅಲ್ಲಿ ಇಳಿಯಬೇಕು, 19ಕ್ಕೆ ಅಲ್ಲಿಂದ ಮರಳಬೇಕು. ಕಡಲೆ ಇನ್ನೂ ಹೊಲದಲ್ಲಿದೆ. ಅದನ್ನು ತಮ್ಮನಿಗೆ ನೋಡಿಕೊಳ್ಳಲು ಹೇಳಿ, ಚಕ್ಕುಲಿ ಉಂಡೆ ಕಟ್ಟಿಕೊಂಡು, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದಿದ್ದಾರೆ. ಅವರ ಪಾಸ್‌ಪೋರ್ಟು 2017ರ ಜೂನ್ 13ರಂದು ಕೊಟ್ಟದ್ದು, 2027ರ ಜೂನ್ 12ಕ್ಕೆ ಮುಗಿಯುವಂಥದು. ಹೋಗಿ ಬರುವುದೆಲ್ಲ ಹದಿನೈದು ದಿನ, ಪುಸ್ತಕಕ್ಕೆ ಐದು ತಿಂಗಳ ಮೇಲೆ ಆಯುಷ್ಯ ಇದೆ, ಚಿಂತೆಯೇನು ಎಂದು ಅವರು ತಿಳಿದಿದ್ದರು. ಆದರೆ ಸಿಂಗಾಪುರ ಕೇಳುವುದು ಆರು ತಿಂಗಳು. ಜನವರಿ 5ಕ್ಕೆ ಆರು ತಿಂಗಳು ಕೂಡಿಸಿದರೆ ಜುಲೈ 5. ಪುಸ್ತಕ ಮುಗಿಯುವುದು ಜೂನ್ 12. ಇಪ್ಪತ್ಮೂರು ದಿನ ಕಡಿಮೆ ಬಿತ್ತು. ವಿಮಾನ ಕಂಪನಿಯವರು ಚೀಟಿ ಕೊಡುವ ಕಟ್ಟೆಯಲ್ಲಿಯೇ ತಡೆಯುತ್ತಾರೆ. ಅಗ್ಗದ ಟಿಕೀಟುಗಳಿಗೆ ಹಣ ಮರಳುವುದು ಕಡಿಮೆ. ಹಣ ಹೋದರೆ ಇನ್ನೊಂದು ಬೆಳೆಗೆ ಬಂದೀತು, ತೊಟ್ಟಿಲಿಗೆ ಹಾಕುವ ದಿನ ಮಾತ್ರ ಮತ್ತೆ ಬಾರದು.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದುಂಟು. ತಡೆಯುವುದಾದರೆ ಆ ದೇಶದವರು ತಡೆಯಲಿ, ನಮ್ಮ ನೆಲದಲ್ಲಿ ವಿಮಾನ ಕಂಪನಿಯ ಹುಡುಗ ತಡೆಯಲು ಅವನಿಗೇನು ಅಧಿಕಾರ? ಪ್ರಶ್ನೆ ನ್ಯಾಯವಾದದ್ದೇ. 1944ರಲ್ಲಿ ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ವಿಮಾನಯಾನದ ಬಗ್ಗೆ ರಾಷ್ಟ್ರಗಳ ನಡುವೆ ಒಂದು ಒಪ್ಪಂದವಾಯಿತು. ಅದರ ಕಟ್ಟಳೆಗಳ ಮೇರೆಗೆ, ಒಂದು ದೇಶ ಒಳಗೆ ಬಿಡದ ಪ್ರಯಾಣಿಕನನ್ನು ಮರಳಿ ಒಯ್ಯುವ ಹೊಣೆ ಅವನನ್ನು ತಂದ ಕಂಪನಿಯ ಮೇಲೆ ಬೀಳುತ್ತದೆ. ಅನೇಕ ದೇಶಗಳು ಇದರ ಮೇಲೆ ಕಂಪನಿಗೆ ದಂಡವನ್ನೂ ಹಾಕುತ್ತವೆ. ಆದುದರಿಂದ ಕಟ್ಟೆಯ ಮೇಲೆ ಕುಳಿತವನು ಯಾವ ದೇಶಕ್ಕೆ ಏನು ಕಾಗದ ಬೇಕೆಂಬ ಪಟ್ಟಿಯನ್ನು ಯಂತ್ರದಲ್ಲಿ ನೋಡಿ, ಕಡಿಮೆಯಿದ್ದರೆ ಹತ್ತಗೊಡುವುದಿಲ್ಲ. ಅವನ ಕೂಡ ಜಗಳಾಡಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ನಮ್ಮ ಹುಬ್ಬಳ್ಳಿಯಿಂದ ಬೆಂಗಳೂರಿಗೋ ಮುಂಬಯಿಗೋ ವಿಮಾನದಲ್ಲಿ ಬಂದವರನ್ನು, ಆ ತುಂಡಿನ ಟಿಕೀಟು ಬೇರೆಯಾಗಿದ್ದರೆ, ಪಾಸ್‌ಪೋರ್ಟಿನ ಅವಧಿಯ ಬಗ್ಗೆ ಯಾರೂ ಕೇಳಿರುವುದಿಲ್ಲ. ಇಲ್ಲಿ ಬಿಟ್ಟರು, ಅಲ್ಲಿ ಹಿಡಿದರು ಎಂದು ಸಿಟ್ಟಾಗುವುದು ಇದರಿಂದಲೇ.

ಆರು ತಿಂಗಳು ಏಕೆ ಬೇಕು ಎಂಬುದಕ್ಕೆ 2020ನೆಯ ಇಸವಿಯ ನೆನಪು ಸಾಕು. ಆ ವರ್ಷ ಕೊರೋನಾ ರೋಗ ಹಬ್ಬಿದಾಗ ಮಾರ್ಚ್ ತಿಂಗಳಲ್ಲಿ ಭಾರತಕ್ಕೆ ಬರುವ ಪರದೇಶದ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಸಿಕ್ಕಿಬಿದ್ದವರನ್ನು ಕರೆತರಲು ‘ವಂದೇ ಭಾರತ್’ ಎಂಬ ಸರಕಾರದ ವ್ಯವಸ್ಥೆ ಮೇ 7ರಿಂದ ಆರಂಭವಾಯಿತು. ನಿಯಮಿತ ವಿಮಾನಗಳು ಮೊದಲಿನಂತೆ ನಡೆದದ್ದು 2022ರ ಮಾರ್ಚ್ 27ರಿಂದ. ಎರಡು ವಾರಕ್ಕೆಂದು ಹೋದವರು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಬೇಕಾಯಿತು. ರೋಗವಿಲ್ಲದಿದ್ದರೂ ಕಾಲು ಮುರಿದು ಆಸ್ಪತ್ರೆಗೆ ಬಿದ್ದರೆ ಏನು ಗತಿ? ಅಲ್ಲಿರುವಾಗಲೇ ಪುಸ್ತಕ ಸತ್ತುಹೋದರೆ, ಆ ಮನುಷ್ಯನನ್ನು ಯಾವ ಕಾಗದದ ಮೇಲೆ ಊರಿಗೆ ಕಳಿಸಬೇಕೆಂಬ ತೊಡಕು ಬರುತ್ತದೆ. ಆ ತೊಡಕು ಬೇಡವೆಂದೇ ಅವರು ಮುಂಚಿತವಾಗಿ ಅವಧಿಯ ಜಾಮೀನು ಕೇಳುತ್ತಾರೆ.

ಈಗ ದೇಶದೇಶದ ಮಾತಿಗೆ ಬರೋಣ. ಸಿಂಗಾಪುರ, ಮಲೇಶಿಯಾ, ಇಂಡೋನೇಶಿಯಾ, ಥೈಲ್ಯಾಂಡ್, ವಿಯೆಟ್ನಾಂ, ಶ್ರೀಲಂಕಾ, ದುಬೈ ಇರುವ ಅರಬ್ ಎಮಿರೇಟ್ಸ್, ಇವೆಲ್ಲ ಆರು ತಿಂಗಳ ಸಾಲಿನವು. ನಮ್ಮವರು ಹೆಚ್ಚಾಗಿ ಹೋಗುವುದೂ ಇಲ್ಲಿಗೇ. ಯುರೋಪಿನ ಶೆಂಗನ್ ಒಕ್ಕೂಟದ ದೇಶಗಳ, ಅಂದರೆ ಜರ್ಮನಿ, ಫ್ರಾನ್ಸ್, ಇಟಲಿ ಮೊದಲಾದವುಗಳ ಲೆಕ್ಕ ಬೇರೆ. ನೀವು ಒಕ್ಕೂಟವನ್ನು ಬಿಟ್ಟು ಹೊರಡುವ ದಿನದಿಂದ ಮೂರು ತಿಂಗಳು ಉಳಿದಿರಬೇಕು, ಮತ್ತು ಪುಸ್ತಕ ಕೊಟ್ಟು ಹತ್ತು ವರ್ಷ ದಾಟಿರಬಾರದು. ಎರಡು ಖಾಲಿ ಪುಟಗಳೂ ಇರಬೇಕು. ಮೇಲಿನ ದಂಪತಿಗಳು ಅದೇ ದಿನಗಳಲ್ಲಿ ಜರ್ಮನಿಗೆ ಹೊರಟಿದ್ದರೆ ಜನವರಿ 19ಕ್ಕೆ ಮೂರು ತಿಂಗಳು ಕೂಡಿಸಿ ಏಪ್ರಿಲ್ 19 ಆಗುತ್ತಿತ್ತು. ಪುಸ್ತಕ ಜೂನ್ ತನಕ ಇರುವುದರಿಂದ ಅವಧಿಯ ತೊಂದರೆ ಬರುತ್ತಿರಲಿಲ್ಲ. ಇಂಗ್ಲೆಂಡಿನವರು ತಮ್ಮಲ್ಲಿ ಇರುವಷ್ಟು ದಿನ ಪುಸ್ತಕ ನಡೆಯುವಂತಿದ್ದರೆ ಸಾಕೆನ್ನುತ್ತಾರೆ. ಒಂದೇ ಪುಸ್ತಕ, ಒಂದೇ ತಾರೀಖು. ಒಂದು ದೇಶಕ್ಕೆ ಸಲ್ಲುತ್ತದೆ, ಇನ್ನೊಂದಕ್ಕೆ ಸಲ್ಲದು. ನಡುವೆ ಬೇರೆ ದೇಶದಲ್ಲಿ ಇಳಿದು ಹೊರಗೆ ಹೋಗುವುದಿದ್ದರೆ ಅಲ್ಲಿಯ ನಿಯಮವನ್ನೂ ನೋಡತಕ್ಕದ್ದು. ಎಣಿಸುವುದನ್ನು ಮರಳುವ ದಿನದಿಂದ ಎಣಿಸಿದರೆ ತಪ್ಪುವ ಭಯವೇ ಇಲ್ಲ.

‘ಅಲ್ಲಿಗೆ ವೀಸಾ ಬೇಡವಂತೆ’ ಎಂಬ ಮಾತು ಕೇಳಿ ಮೋಸಹೋಗುವವರು ಬಹಳ. ವೀಸಾ ಬೇಡ ಎಂದರೆ ಮುಂಚಿತವಾಗಿ ಅಪ್ಪಣೆ ಬೇಡ ಎಂದಷ್ಟೇ ಅರ್ಥ. ಪಾಸ್‌ಪೋರ್ಟಿನ ಆರು ತಿಂಗಳ ನಿಯಮ ಅದರಿಂದ ಬಿಟ್ಟುಹೋಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ವೀಸಾ ಬೇಡದ ದೇಶಕ್ಕೆ ಹೋಗುವಾಗಲೇ ಹೆಚ್ಚು ಎಚ್ಚರ ಬೇಕು. ವೀಸಾಕ್ಕೆ ಅರ್ಜಿ ಹಾಕಿದಾಗ ಯಾರಾದರೊಬ್ಬರು ಅವಧಿ ನೋಡಿ ಹೇಳುತ್ತಾರೆ, ಇಲ್ಲಿ ಹೇಳುವವರೇ ಇರುವುದಿಲ್ಲ.

ಕಾಶಿಯಾತ್ರೆಯ ಸಂಗಡ ನೇಪಾಳದ ಪಶುಪತಿನಾಥ, ಮುಕ್ತಿನಾಥ ದರ್ಶನಕ್ಕೆ ಹೋಗುವವರಿಗೆ ಈ ಕಷ್ಟವಿಲ್ಲ. ಭಾರತೀಯರು ಮತದಾರರ ಗುರುತಿನ ಚೀಟಿಯ ಮೇಲೆ ನೇಪಾಳಕ್ಕೆ ಹೋಗಬಹುದು; ಭೂತಾನಕ್ಕೂ ಹಾಗೆಯೇ. ಹದಿನೈದರಿಂದ ಅರವತ್ತೈದು ವಯಸ್ಸಿನ ನಡುವಿನವರು ಆಧಾರ ಕಾರ್ಡು ಒಂದನ್ನೇ ನಂಬಿ ಹೋಗಬಾರದು. ಕೈಲಾಸ ಮಾನಸ ಸರೋವರದ ಯಾತ್ರೆ ಚೀನಾದ ಆಡಳಿತದ ನೆಲದಲ್ಲಿ ಆಗುವುದರಿಂದ ಅದಕ್ಕೆ ಪಾಸ್‌ಪೋರ್ಟು ಬೇಕೇ ಬೇಕು. ಐದು ವರ್ಷ ನಿಂತಿದ್ದ ಸರಕಾರದ ಆ ಯಾತ್ರೆ 2025ರಲ್ಲಿ ಮತ್ತೆ ಶುರುವಾಗಿದೆ. ಅದರ ನಿಯಮದಲ್ಲಿ ಯಾತ್ರೆಯ ವರ್ಷದ ಸೆಪ್ಟೆಂಬರ್ 1ನೆಯ ತಾರೀಖಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಹೇಳಿದೆ. ಹಜ್ ಯಾತ್ರೆಗೂ ಭಾರತೀಯ ಹಜ್ ಸಮಿತಿಯು ಪ್ರತಿವರ್ಷ ಇಂಥ ತಾರೀಖಿನ ತನಕ ಪುಸ್ತಕ ನಡೆಯಬೇಕೆಂದು ಗೊತ್ತುಮಾಡಿ ಪ್ರಕಟಿಸುತ್ತದೆ. ಅರ್ಜಿ ತುಂಬುವಾಗಲೇ ಅದನ್ನು ನೋಡಬೇಕು.

ಮಕ್ಕಳ ಪುಸ್ತಕದ ಬಗ್ಗೆ ವಿಶೇಷ ಲಕ್ಷ್ಯವಿರಲಿ. ದೊಡ್ಡವರಿಗೆ ಹತ್ತು ವರ್ಷ ಕೊಡುತ್ತಾರೆ. ಹದಿನೆಂಟು ತುಂಬದವರಿಗೆ ಸಾಮಾನ್ಯವಾಗಿ ಐದು ವರ್ಷ, ಅಥವಾ ಹದಿನೆಂಟು ತುಂಬುವ ತನಕ, ಇವೆರಡರಲ್ಲಿ ಯಾವುದು ಮೊದಲೋ ಅದು. ಹದಿನೈದು ದಾಟಿದವರು ಬೇಕಾದರೆ ಹತ್ತು ವರ್ಷದ್ದನ್ನು ಕೇಳಬಹುದು. ತಂದೆ, ತಾಯಿ, ಮಗ ಮೂವರೂ ಒಂದೇ ದಿನ ಪಾಸ್‌ಪೋರ್ಟು ಮಾಡಿಸಿರುತ್ತಾರೆ. ತಮ್ಮದು ನಡೆಯುತ್ತಿದೆ, ಅವನದೂ ನಡೆಯುತ್ತಿರಬೇಕೆಂಬ ಭ್ರಮೆಯಲ್ಲಿ ಮಗನ ಪುಸ್ತಕ ತೆರೆದು ನೋಡುವುದಿಲ್ಲ. ಅವನದು ಯಾವಾಗಲೋ ಮುಗಿದಿರುತ್ತದೆ.

ಹಿರಿಯರ ಟ್ರಂಕಿನಲ್ಲಿ ಕೈಬರಹದ ಹಳೆಯ ಪಾಸ್‌ಪೋರ್ಟು ಇದ್ದರೆ ಅದನ್ನು ನೆನಪಿಗೆಂದು ಇಟ್ಟುಕೊಳ್ಳಿರಿ. ಯಂತ್ರ ಓದಲಾರದ ಅಂಥ ಪುಸ್ತಕಗಳ ಬಳಕೆ 2015ರ ನವೆಂಬರ್ 24ರಿಂದ ಜಗತ್ತಿನಲ್ಲೆಲ್ಲ ನಿಲ್ಲಬೇಕೆಂದು ನಿರ್ಣಯವಾಗಿತ್ತು. ಹಾಗೆಯೇ ಇಲಿ ಕಡಿದ, ಮಳೆನೀರಿಗೆ ನೆಂದ, ಹೊಲಿಗೆ ಬಿಚ್ಚಿದ ಪುಸ್ತಕಕ್ಕೆ ಅವಧಿ ಎಷ್ಟಿದ್ದರೂ ಬೆಲೆಯಿಲ್ಲ. ಉತಾರ, ಸೊಸೈಟಿಯ ಪಾವತಿಗಳ ಜೊತೆ ಗಂಟುಕಟ್ಟಿ ಅಟ್ಟದ ಮೇಲೆ ಎಸೆಯುವ ವಸ್ತು ಅದಲ್ಲ.

ಅವಧಿ ಕಡಿಮೆಯಿದ್ದರೆ ಏನು ಮಾಡಬೇಕು? ಹೊಸ ಪುಸ್ತಕ ಮಾಡಿಸಬೇಕು. ಹಳೆಯದಕ್ಕೆ ಸಿಕ್ಕೆ ಹೊಡೆದು ಅವಧಿ ಬೆಳೆಸಿಕೊಡುವರೆಂದು ತಿಳಿಯಬೇಡಿರಿ. ಮುಗಿಯುವುದಕ್ಕೆ ಒಂದು ವರ್ಷ ಇರುವಾಗಿನಿಂದಲೇ ಮರು ನೀಡಿಕೆಗೆ ಅರ್ಜಿ ಹಾಕಬಹುದು. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಕೂಡುವುದಿಲ್ಲ, ಅಷ್ಟು ನಷ್ಟ ನಿಜ. ಆದರೆ ಹತ್ತು ವರ್ಷದಲ್ಲಿ ಎಂಟು ಹತ್ತು ತಿಂಗಳು ಹೋದರೆ ದುಃಖಪಡಬೇಕಾದದ್ದಿಲ್ಲ. ದೊಡ್ಡವರ 36 ಪುಟದ ಪುಸ್ತಕಕ್ಕೆ ಶುಲ್ಕ 1500 ರೂಪಾಯಿ. ಅವಸರದ ತತ್ಕಾಲ್ ರೀತಿಗೆ ಮೇಲೆ 2000 ಹೆಚ್ಚು. ಅವಸರಕ್ಕೆ ತೆರುವ ಈ ಎರಡು ಸಾವಿರ ಸಮಯಕ್ಕೆ ಮಾಡಿಸಿದವನಿಗೆ ಉಳಿತಾಯ.

ಸಮಯ ಯಾವುದು? ನಮ್ಮ ಭಾಗದ ರೈತನಿಗೆ ಹೊಲದಿಂದ ಬಿಡುವು ಸಿಗುವುದು ಹಿಂಗಾರಿ ರಾಶಿ ಮುಗಿದ ಮೇಲೆ, ಯುಗಾದಿಯ ಸುಮಾರಿಗೆ. ಮುಂಗಾರಿ ಬಿತ್ತನೆಯ ತನಕ ಆ ಬಿಡುವು. ಪ್ರವಾಸ ಆಗುವುದೂ ಆಗಲೇ. ಆದ್ದರಿಂದ ಮಹಾನವಮಿಯಲ್ಲಿ ಆಯುಧ ಪೂಜೆಗೆ ಮನೆಯ ಸಾಮಾನು ಹೊರತೆಗೆದಾಗ ಪಾಸ್‌ಪೋರ್ಟುಗಳನ್ನೂ ಒಮ್ಮೆ ತೆರೆದು ತಾರೀಖು ನೋಡಿಬಿಡಿರಿ. ಬರುವ ವರ್ಷದ ದೀಪಾವಳಿಯೊಳಗೆ ಮುಗಿಯುವಂತಿದ್ದರೆ ಆಗಲೇ ಅರ್ಜಿ ಹಾಕಿದರೆ ಯುಗಾದಿಗೆ ಹೊಸ ಪುಸ್ತಕ ಕೈಯಲ್ಲಿರುತ್ತದೆ. ಹೊಸದು ಬಂದ ಮೇಲೆ ಅದರ ನಂಬರು ಬೇರೆ ಇರುತ್ತದೆ. ಟಿಕೀಟಿನಲ್ಲೋ ವೀಸಾದಲ್ಲೋ ಹಳೆಯ ನಂಬರು ಕೊಟ್ಟಿದ್ದರೆ ತಿದ್ದಿಸಬೇಕು. ಹಳೆಯದನ್ನು ರದ್ದು ಮಾಡಿ ಮರಳಿ ಕೊಡುತ್ತಾರೆ. ಅದರಲ್ಲಿ ಅಮೇರಿಕೆಯ ವೀಸಾದಂತೆ ಇನ್ನೂ ನಡೆಯುವ ವೀಸಾ ಇದ್ದರೆ ಎರಡೂ ಪುಸ್ತಕಗಳನ್ನು ಸಂಗಡ ಒಯ್ಯಬೇಕು.

ಅರ್ಜಿಯನ್ನು ಪಾಸ್‌ಪೋರ್ಟು ಸೇವೆಯ ಸರಕಾರಿ ಜಾಲತಾಣದಲ್ಲಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹುಬ್ಬಳ್ಳಿಯ ಪಾಸ್‌ಪೋರ್ಟು ಸೇವಾ ಕೇಂದ್ರಕ್ಕೆ ಹೋಗಬೇಕು. ಹೋಲುವ ಹೆಸರಿನ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಊರ ಕಂಪ್ಯೂಟರ ಅಂಗಡಿಯಲ್ಲಿ ತುಂಬಿಸುವಾಗ ಬದಿಗೆ ನಿಂತು ನೋಡಿರಿ. ಆಧಾರದಲ್ಲಿ ಒಂದು ಹೆಸರು, ಹಳೆಯ ಪುಸ್ತಕದಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಇದ್ದರೆ ಕೆಲಸ ತಡವಾಗುತ್ತದೆ. ಗೊತ್ತುಮಾಡಿದ ದಿನ ಹಳೆಯ ಪಾಸ್‌ಪೋರ್ಟಿನ ಮೂಲ ಪ್ರತಿ, ಅದರ ಮೊದಲ ಎರಡು ಹಾಗೂ ಕೊನೆಯ ಎರಡು ಪುಟಗಳಿಗೆ ನಿಮ್ಮ ಸಹಿ ಮಾಡಿದ ಝೆರಾಕ್ಸ್, ವಿಳಾಸದ ದಾಖಲೆ ಇವನ್ನು ಒಯ್ಯಿರಿ. ಪೋಲೀಸ್ ವಿಚಾರಣೆ ಬೇಕೆಂದಾದರೆ ಠಾಣೆಯಿಂದ ಕರೆ ಬರುತ್ತದೆ. ಆ ವಾರ ಊರಲ್ಲಿರಿ, ಅರ್ಜಿಯಲ್ಲಿ ಕೊಟ್ಟ ಮೊಬೈಲು ಚಾಲೂ ಇರಲಿ. ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುತ್ತದೆ. ಲಕೋಟೆ ಒಡೆದ ಕೂಡಲೆ ಹೆಸರು, ಹುಟ್ಟಿದ ತಾರೀಖು, ಅವಧಿ ಮುಗಿಯುವ ತಾರೀಖು ಈ ಮೂರನ್ನೂ ಓದಬಲ್ಲವರಿಂದ ಓದಿಸಿ, ಕೊನೆಯದನ್ನು ಗೋಡೆಯ ಪಂಚಾಂಗದ ಮೇಲೆ ಬರೆಸಿರಿ.